ಫೋನ್ ಎತ್ತಿದವಳು

ಕೊಪ್ಪ
೧೨ ನವೆಂಬರ್ ೨೦೦೭

ಪ್ರೀತಿಯ ಶಿವಾನಿ,

ನಾನು ಹಾಸ್ಟೆಲಿನ ಭವ್ಯಕ್ಕ. ನೀನಿಲ್ಲಿ ಬಿ.ಎ. ಓದುತ್ತಿದ್ದಾಗ ಸಹಾಯಕ ವಾರ್ಡನ್ ಆಗಿದ್ದೆ, ಈಗಲೂ ಆಗಿದ್ದೇನೆ. ಈ ಕಾಗದವನ್ನು ನೀನು ಪಾಠ ಹೇಳುವ ಶಾಲೆಗೆ ಕಳಿಸದೆ, ಶೆಟ್ಟಿಕೊಪ್ಪದ ಮನೆಗೆ, ನಿನ್ನ ಹೆಸರಿಗೇ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಬೇರೆಯವರ ಕೈಗೆ ಸಿಗಬಾರದು.

ನಮ್ಮ ವಾರ್ಡನ್ ಯಮುನಮ್ಮ ಮೇಡಂ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಗೆ ಹಳೆಯ ಹುಡುಗಿಯರನ್ನೆಲ್ಲ ಕರೆದೆವು. ನಿನ್ನಿಂದ ಬಂದ ಕಾರ್ಡಿನಲ್ಲಿ ಒಂದೇ ಸಾಲು ಇತ್ತು: "ನನ್ನ ಕಾಯಿಲೆಯನ್ನು ಊರಿಗೆ ಹಂಚಿದವರಿಗೆ ಹಾರ ಹಾಕಲು ನಾನು ಬರುವುದಿಲ್ಲ." ಅದನ್ನು ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಮೂರು ವರ್ಷದ ಹಿಂದೆಯೇ ಹೇಳಬೇಕಾದದ್ದನ್ನು ಈಗ ಹೇಳುತ್ತೇನೆ.

ಅಂದು ಬೆಳಿಗ್ಗೆ ಉಳಿದವರೆಲ್ಲ ತಿಂಡಿಗೆ ಹೋಗಿದ್ದರು. ನೀನು ಬಟ್ಟೆ ಒಗೆಯುವ ಕಲ್ಲಿನ ಬಳಿ ಬಿದ್ದಿದ್ದೆ, ಕೈಕಾಲು ಸೆಟೆದು ಅದುರುತ್ತಿತ್ತು. ನಾನು ಕಿರುಚಿಕೊಂಡೆ. ಮೇಡಂ ಓಡಿ ಬಂದು ನಿನ್ನನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ತಮ್ಮ ಶಾಲು ಮಡಿಸಿಟ್ಟರು. ನನಗೆ, "ಬಾಯಿ ಮುಚ್ಚು, ಬಾಗಿಲು ಹಾಕು. ಯಾರೂ ನೋಡೋದು ಬೇಡ" ಎಂದರು. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಹೋದೆವು.

ಎಚ್ಚರವಾದಾಗ ನೀನು ಅವರ ಕೈ ಹಿಡಿದು, ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ, ದಯವಿಟ್ಟು ವರದಿಯಲ್ಲಿ ಬರೆಯಬೇಡಿ ಎಂದು ಅತ್ತಿದ್ದೆ. ಅವರು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: "ಬರೀದೆ ಇರೋಕೆ ಆಗಲ್ಲ ಕಣೇ. ನಾಳೆ ನಾನಿಲ್ಲದಾಗ ನೀನು ಬಿದ್ರೆ ಎಂತ ಮಾಡ್ಬೇಕು ಅಂತ ಒಬ್ಬರಿಗಾದ್ರೂ ಗೊತ್ತಿರ್ಬೇಕಲ್ಲ? ಯಾರಿಗೂ ಹೇಳಲ್ಲ ಅಂತ ಸುಳ್ಳು ಮಾತು ಕೊಡಲ್ಲ. ಯಾರಿಗೆ ಹೇಳ್ತೀನಿ ಅಂತ ಮಾತ್ರ ನಿಂಗೇ ಮೊದಲು ಹೇಳ್ತೀನಿ." ಪ್ರಿನ್ಸಿಪಾಲರು, ನಿನ್ನ ಅಪ್ಪ, ಜೊತೆಗಿದ್ದ ನಾನು, ಅಷ್ಟೇ. ಹಾಸ್ಟೆಲಿನ ವರದಿ ಪುಸ್ತಕದಲ್ಲಿ "ಒಬ್ಬ ವಿದ್ಯಾರ್ಥಿನಿಗೆ ಅಸ್ವಸ್ಥತೆ, ಆಸ್ಪತ್ರೆಗೆ ಸೇರಿಸಲಾಯಿತು" ಎಂದಷ್ಟೇ ಬರೆದರು. ಉಳಿದದ್ದು ಅಂಟಿಸಿದ ಲಕೋಟೆಯಲ್ಲಿ ಪ್ರಿನ್ಸಿಪಾಲರ ಕೈ ಸೇರಿತು.

ಹದಿನೈದು ದಿನ ಕಳೆದಿತ್ತು. ಮೇಡಂ ಕಿಗ್ಗಕ್ಕೆ ಹೋಗಿದ್ದ ದಿನ ಅವರ ಕೋಣೆಯ ಫೋನ್ ರಿಂಗಾಯಿತು. ಎತ್ತಿದವಳು ನಾನು. "ವಾರ್ಡನ್ ಮೇಡಮ್ಮಾ ಮಾತಾಡೋದು?" ಎಂದು ಒಂದು ಹೆಂಗಸಿನ ದನಿ ಕೇಳಿತು. ಇಪ್ಪತ್ಮೂರು ವರ್ಷದ ನನಗೆ ಹಾಗೆ ಕರೆಸಿಕೊಂಡದ್ದು ಖುಷಿಯಾಯಿತು. ಹೌದು ಎಂದುಬಿಟ್ಟೆ. "ನಾನು ಶಿವಾನಿ ಚಿಕ್ಕಮ್ಮ. ಮಗು ಆರೋಗ್ಯ ಹೆಂಗಿದೆ ಈಗ?" ಎಂದು ಅಕ್ಕರೆಯಿಂದ ಕೇಳಿದರು. ಫಿಟ್ಸ್ ಆಮೇಲೆ ಬಂದಿಲ್ಲ, ಮಾತ್ರೆ ತಗೊಳ್ತಾ ಇದ್ದಾಳೆ, ಗಾಬರಿಯಾಗಬೇಡಿ ಎಂದು ನಾನೇ ಸಮಾಧಾನ ಹೇಳಿದೆ. ಆಕೆ ನಿನಗೆ ನೋಡಿದ್ದ ಗಂಡಿನ ಚಿಕ್ಕಮ್ಮ ಎಂದು ಗೊತ್ತಾದದ್ದು ನಿನ್ನ ಅಪ್ಪ ಶಿವಶಂಕರಪ್ಪನವರು ಬಂದಾಗ.

ಅವರು ಅಂಗಳದಲ್ಲೇ ನಿಂತು, ಎಲ್ಲ ಹುಡುಗಿಯರ ಎದುರು ಕೂಗಾಡಿದರು: "ವಾರ್ಡನ್ನೇ ಹೇಳಿದ್ರಂತೆ! ನಿಮ್ಮನ್ನ ನಂಬಿ ಮಗಳನ್ನ ಬಿಟ್ಟಿದ್ನಲ್ರೀ!" ಮೇಡಂ ನನ್ನ ಕಡೆ ಒಮ್ಮೆ ನೋಡಿದರು. ನನ್ನ ಮುಖ ನೋಡಿದೊಡನೆ ಅವರಿಗೆ ಎಲ್ಲ ತಿಳಿಯಿತು. "ತಪ್ಪು ನಮ್ಮ ಹಾಸ್ಟೆಲಿಂದಾನೇ ಆಗಿದೆ. ಇಲ್ಲಿಯ ಜವಾಬ್ದಾರಿ ನಂದು. ಕ್ಷಮಿಸಿ" ಎಂದು ಕೈಮುಗಿದರು. ನೀನು ಅವರ ಮುಖ ನೋಡದೆ ಟ್ರಂಕು ಎತ್ತಿಕೊಂಡು ಅಪ್ಪನ ಹಿಂದೆ ಹೋದೆ. ನಾನು ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ.

ಆ ಸಂಜೆ ಮೇಡಂ ನನ್ನ ಮುಂದೆ ಬಿಳಿ ಹಾಳೆ ಇಟ್ಟರು. ಫೋನಿನಲ್ಲಿ ಆಡಿದ ಒಂದೊಂದು ಮಾತನ್ನೂ ನನ್ನಿಂದಲೇ ಬರೆಸಿ ಪ್ರಿನ್ಸಿಪಾಲರಿಗೆ ಕಳಿಸಿದರು. ನನಗೆ ಎಚ್ಚರಿಕೆಯ ಪತ್ರ ಬಂತು. ಅಂಗಳದಲ್ಲೇ ನನ್ನ ಹೆಸರು ಹೇಳಬಹುದಿತ್ತಲ್ಲ ಮೇಡಂ ಎಂದು ಕೇಳಿದೆ. "ನಿನ್ನ ತಪ್ಪು ಯಾರಿಗೆ ಹೋಗ್ಬೇಕೋ ಅವ್ರಿಗೆ ಹೋಗಿದೆ. ಊರಿಗೆ ಹಂಚೋದು ಬೇಡ. ಆದ್ರೆ ಆ ಹುಡುಗಿಗೆ ಹೇಳ್ಬೇಕು. ಅದನ್ನ ನೀನೇ ಹೇಳ್ಬೇಕು" ಎಂದರು.

ನಾನು ಹೇಳಲಿಲ್ಲ. ಮೊದಲು ಕೆಲಸ ಹೋದೀತೆಂಬ ಹೆದರಿಕೆ, ಆಮೇಲೆ ಬರೀ ನಾಚಿಕೆ. ಅವರು ಮತ್ತೆ ಒಮ್ಮೆಯೂ ನೆನಪಿಸಲಿಲ್ಲ. ಆದರೆ ಹುಡುಗಿಯರು ಅವರ ಕೋಣೆಗೆ ಕಷ್ಟ ಹೇಳಿಕೊಳ್ಳಲು ಬರುವುದನ್ನು ನಿಲ್ಲಿಸಿದರು. ವಾರ್ಡನ್ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನ್ನೆದುರೇ ಮಾತಾಡಿಕೊಂಡರು. ಮೂವತ್ತು ವರ್ಷದಲ್ಲಿ ಯಾರ ಗುಟ್ಟನ್ನೂ ಹೊರಗೆ ಬಿಡದಿದ್ದ ಹೆಂಗಸು, ನನ್ನ ಗುಟ್ಟನ್ನೂ ಬಿಡದೆ ಆ ಮಾತು ಹೊತ್ತುಕೊಂಡರು. ಅವರಷ್ಟು ಗಟ್ಟಿ ಮನುಷ್ಯರನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆ ಸಂಬಂಧ ಮುರಿದದ್ದು ನನ್ನಿಂದ. ನೀನು ಹಾಸ್ಟೆಲ್ ಬಿಟ್ಟು, ದಿನಾ ಬಸ್ಸಿನಲ್ಲಿ ಎನ್.ಆರ್. ಪುರದ ಕಾಲೇಜಿಗೆ ಓಡಾಡಿ ಡಿಗ್ರಿ ಮುಗಿಸಬೇಕಾದದ್ದೂ ನನ್ನಿಂದ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಸಿಟ್ಟು ನನ್ನ ಹೆಸರಿಗೆ ಬರಲಿ, ಅಷ್ಟೇ ಸಾಕು. ನಿನ್ನ ಅಪ್ಪನಿಗೆ ಈ ಕಾಗದ ತೋರಿಸಬೇಕೆನಿಸಿದರೆ ತೋರಿಸು.

ಇಂತು,
ಮೂರು ವರ್ಷ ತಡ ಮಾಡಿದ
ಭವ್ಯ

ಮರೆತಿದ್ದೆ: ನಿನ್ನ ಕಾರ್ಡನ್ನು ಬಚ್ಚಿಡಲು ಮನಸ್ಸು ಬರದೆ ಮೇಡಂಗೆ ಕೊಟ್ಟೆ. ಎರಡು ಸಲ ಓದಿದರು. "ಅಕ್ಷರ ಚೆನ್ನಾಗಿದೆ, ಕೈ ನಡುಗ್ತಿಲ್ಲ. ಮಾತ್ರೆ ಬಿಡದೆ ತಗೊಳ್ತಿದಾಳಾ ಅಂತ ಒಂದು ಮಾತು ಕೇಳಿ ಬರಿ" ಎಂದರು. ನಾನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದರು. "ಬೇಡ ಬಿಡು, ಕೇಳ್ಬೇಡ. ನಾವೀಗ ಅವಳ ವಾರ್ಡನ್ ಅಲ್ಲ."