ತೊಟ್ಟಿಲಿನ ಸಡಿಲ ನಟ್ಟು

ರೀ,

ಇವತ್ತು ಮೊಮ್ಮಗಳು ಮಾನ್ಯಳ ಕೂಸಿಗೆಂದು ನಮ್ಮ ಹಳೇ ಕಬ್ಬಿಣದ ತೊಟ್ಟಿಲನ್ನು ನಾನೇ ಜೋಡಿಸಿದೆ. ನೀವು ಹೋದ ಮೇಲೆ ಯಾರೂ ಮುಟ್ಟದ ನಿಮ್ಮ ಸ್ಪ್ಯಾನರಿನಲ್ಲಿ.

ನೀವು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದಾಗಿನ ಎಪ್ಪತ್ತೊಂದರ ಯುದ್ಧದ ಕಥೆಯನ್ನು ಚನ್ನರಾಯಪಟ್ಟಣದ ಈ ಜಗಲಿಯಲ್ಲಿ ಎಷ್ಟು ಸಲ ಹೇಳಿದ್ದಿರೋ! ಬಟ್ಟಬಯಲಲ್ಲಿ ಯುದ್ಧವಿಮಾನವನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ರೆಕ್ಕೆಯನ್ನು ಹತ್ತಾರು ಜನ ಹೆಗಲ ಮೇಲೆ ಎತ್ತಿ ಹಿಡಿದು, ಬರೀ ಸ್ಪ್ಯಾನರು ಸುತ್ತಿಗೆಯಲ್ಲಿ ಜೋಡಿಸುತ್ತಿದ್ದಿರಂತೆ. ಬಿಗಿ ಮಾಡಿದವನೇ ಪರೀಕ್ಷೆ ಮಾಡಬಾರದು, ಇನ್ನೊಬ್ಬರ ಕೈ ಆಡಲೇಬೇಕು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ಮನೆಯಲ್ಲಾದರೂ ಅದನ್ನು ಬಿಟ್ಟಿರಾ? ಫ್ಯಾನಾಗಲಿ ಮಂಚವಾಗಲಿ, ಜೋಡಿಸಿದ ಮೇಲೆ "ಬಸವೀ, ಒಂದ್ಸಲ ಕೈಯಾಡ್ಸು ಬಾ" ಅಂತ ಕೂಗುತ್ತಿದ್ದಿರಿ. ಪ್ರತಿ ಸಲವೂ ಒಂದು ನಟ್ಟು ಸಡಿಲವಿರುತ್ತಿತ್ತು. "ಈ ಕೈಲಿ ಇಮಾನ ಜೋಡ್ಸಿದ್ರಂತೆ!" ಎಂದು ಬೀದಿಗೆಲ್ಲ ಕೇಳುವಂತೆ ನಾನು ನಗುತ್ತಿದ್ದೆ. ನೀವು ತಲೆ ಕೆರೆದುಕೊಂಡು ನಿಲ್ಲುತ್ತಿದ್ದಿರಿ.

ಇವತ್ತು ಮಾನ್ಯಳನ್ನು ಕೂಗಿದೆ. "ಗಟ್ಟಿಯಾಗೈತೆ ಬುಡಜ್ಜಿ" ಅಂದಳು, ಮುಟ್ಟದೆಯೇ. ಅವಳು ಅತ್ತ ತಿರುಗಿದಾಗ ಒಂದು ನಟ್ಟನ್ನು ಸ್ವಲ್ಪ ಸಡಿಲಿಸಿ, "ಇನ್ನೊಂದ್ಸಲ ನೋಡವ್ವ" ಅಂದೆ. ಅದು ಕೈಗೆ ಸಿಕ್ಕಿದ್ದೇ ತಡ, ಅವಳ ಮುಖ ಅರಳಿತು. "ಅಯ್ಯೋ ಅಜ್ಜಿ, ನಾನಿಲ್ದಿದ್ರೆ ಏನ್ ಗತಿ!" ಎನ್ನುತ್ತಾ ಉಳಿದವನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು.

ವಿಮಾನದಲ್ಲಿ ಒಂದೂ ನಟ್ಟು ಸಡಿಲ ಬಿಡದ ಕೈ, ನಮ್ಮ ಮಂಚದ್ದು ಮಾತ್ರ ಯಾಕೆ ಬಿಡುತ್ತಿತ್ತು ಎಂದು ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಮಾನ್ಯ ನಗುತ್ತಲೇ ಇದ್ದಳು. ನಾನು ತಲೆ ಕೆರೆದುಕೊಂಡು ನಿಂತಿದ್ದೆ.