ಎಡೆಯ ಪಕ್ಕದ ಬಾರ್ಬೆರಾ

ಅಪ್ಪಾ,

ಇವತ್ತು ಮಹಾಲಯ ಅಮಾವಾಸ್ಯೆ. ಬ್ರಿಸ್ಬೇನಿನ ನಮ್ಮ ಮನೆಯಲ್ಲೇ ನಿನಗೆ ಮೊದಲ ಸಲ ಎಡೆ ಇಟ್ಟೆ. ಮುದ್ದೆ, ಮಟನ್ ಸಾರು, ಲಿವರ್ ಫ್ರೈ, ವಡೆ. ಜೊತೆಗೆ ಬಾರ್ಬೆರಾ. ನೀನು ಇಲ್ಲಿಗೆ ಬಂದಿದ್ದಾಗ ಪಕ್ಕದ ಮನೆಯ ಇಟಲಿಯ ಮುದುಕ ಕುಡಿಸಿದ್ದನಲ್ಲ, ಆ ಕೆಂಪು ವೈನ್. ಕೊಬ್ಬಿರುವ ಮಾಂಸಕ್ಕೆ ಹುಳಿ ವೈನೇ ಸರಿ ಎಂದು ಅವನು ಕೈಸನ್ನೆಯಲ್ಲೇ ವಿವರಿಸಿದ್ದ. ನೀನು ಒಂದು ಗುಟುಕು ಕುಡಿದು, "ಸಾರಿಗೆ ಹುಣಸೆಹಣ್ಣು ಹಿಂಡ್ದಂಗೈತೆ ಕಣವ್ವ" ಎಂದು ಇನ್ನೆರಡು ತುಂಡು ಹಾಕಿಸಿಕೊಂಡಿದ್ದೆ.

ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಗಳಲ್ಲಿ ಹುಡುಕಿ ಅದನ್ನೇ ತಂದೆ. ಎಡೆ ಬಡಿಸಿದ ಮೇಲೆ ನೋಡಿದರೆ ಬಾಟಲಿಗೆ ಕಾರ್ಕಿನ ಬಿರಡೆ. ನಾವು ತರುವ ಇಲ್ಲಿನ ವೈನಿಗೆಲ್ಲ ತಿರುಗಿಸುವ ಮುಚ್ಚಳ. ಬಿರಡೆ ತೆಗೆಯುವ ತಿರುಪು ಮನೆಯಲ್ಲಿ ಎಂದೂ ಇರಲಿಲ್ಲ. ಮುದುಕನೂ ಈಗಿಲ್ಲ. ಚಾಕು ಹಾಕಿ ಮೀಟಿದೆ, ಚೂರು ಉದುರಿತೇ ಹೊರತು ಬಿರಡೆ ಜಗ್ಗಲಿಲ್ಲ. ಮುದ್ದೆ ಆರುತ್ತಿತ್ತು. ಮುಚ್ಚಿದ ಬಾಟಲಿಯನ್ನೇ ಎಲೆಯ ಪಕ್ಕ ಇಟ್ಟು, ನೀನು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಹಾಕಿ ಹೊರಗೆ ನಿಂತೆವು.

"ಬಟ್ ಹೌ ವಿಲ್ ತಾತ ಓಪನ್ ಇಟ್?" ಎಂದಳು ನಿನ್ನ ಮೊಮ್ಮಗಳು ಕೃತಿ.

"ತಾತ ತಕ್ಕೋತಾರೆ, ಸುಮ್ನಿರು" ಎಂದೆ.

ಕೊನೆಯ ದಿನಗಳಲ್ಲಿ ಆಸ್ಪತ್ರೆಯಿಂದ ವಿಡಿಯೊದಲ್ಲಿ ಮಾತಾಡುವಾಗ, ಲಕ್ವ ಹೊಡೆದ ಕೈಯಲ್ಲಿ ನೀನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಒದ್ದಾಡುತ್ತಿದ್ದೆ. ನಾನು ಇಲ್ಲಿ ಫೋನ್ ಹಿಡಿದುಕೊಂಡು, "ಅಲ್ಲಿ ಯಾರನ್ನಾದ್ರೂ ಕರಿಯಪ್ಪಾ, ಕರಿ" ಎನ್ನುತ್ತಿದ್ದೆ.

ಇವತ್ತು ಆ ಬಾಗಿಲ ಹೊರಗೆ ನಿಂತಾಗಲೂ ನನ್ನ ಬಾಯಿಗೆ ಬಂದದ್ದು ಅದೇ ಮಾತು.