ನೇರ ಭುಜದ ಅಂಗಿ

ಶನಿವಾರ, ಮಧ್ಯಾಹ್ನ

ಸಿನಿಮಾದಲ್ಲಿ ನಮ್ಮಣ್ಣನ ಪಾತ್ರ ಮಾಡಿದ ನಿಮಗೆ, ಅವನ ತಂಗಿಯ ನಮಸ್ಕಾರ.

ನೀವು ಹೇಳಿ ಕಳಿಸಿದ ಮಾತು ಮುಟ್ಟಿತು. ಹೊಸ ಸಿನಿಮಾದ ನಿರ್ದೇಶಕರು ಎಲ್ಲರೆದುರು ಬೈದರಂತೆ: "ಸಿಪಾಯಿ ಪಾತ್ರ ಕಣಯ್ಯಾ ನಿಂದು! ಸೊಂಟದ ಮೇಲೆ ಕೊಡ ಇಟ್ಕೊಂಡಿರೋ ಹಾಗೆ ವಾಲ್ಕೊಂಡು ನಿಲ್ತೀಯಲ್ಲ!" ಭುಜ ತಾನಾಗಿಯೇ ಇಳಿಯುತ್ತದೆ, ನೇರ ಭುಜದ ಅಂಗಿಯೊಂದನ್ನು ಹೊಲಿದು ಕೊಡಿ, ಅದನ್ನು ಹಾಕಿಕೊಂಡೇ ಅಭ್ಯಾಸ ಬಿಡಿಸಿಕೊಳ್ಳುತ್ತೇನೆ ಎಂದಿದ್ದೀರಿ. ಕೇಳಿ ನಕ್ಕೆ. ಆಮೇಲೆ ಮಷೀನಿನ ಮುಂದೆ ಕೂತರೆ ಕಾಲು ತುಳಿಯಲಿಲ್ಲ.

ಆ ವಾಲುವ ಅಭ್ಯಾಸ ನನ್ನ ಕೈಯಿಂದ ಬಂದದ್ದು. ಅಣ್ಣನ ಸಿನಿಮಾಕ್ಕೆ ಅಂಗಿ ಹೊಲಿಯುವಾಗ ನಿಮ್ಮ ಅಳತೆ ಕಾಗದದಲ್ಲಿ ಕಣ್ಣೆದುರಿಗೇ ಇತ್ತು. ಆದರೂ ಅಣ್ಣನ ಅಂಗಿ ಎಂದುಕೊಂಡು ಕತ್ತರಿ ಹಿಡಿದೆನಲ್ಲ, ಎಡಭುಜ ಅರ್ಧ ಬೆರಳು ಕೆಳಗೆ ಹೋಗಿಯೇ ಬಿಟ್ಟಿತು. ಅವನು ಚಿಕ್ಕವನಿದ್ದಾಗ ಗೋಡೆಯಿಂದ ಬಿದ್ದು ಆ ಕಡೆಯ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ನಾನು ಹೊಲಿಗೆ ಕಲಿತದ್ದೇ ಅವನ ಅಂಗಿಗಾಗಿ.

ನೀವು ಹಾಕಿಕೊಂಡಾಗ ಕೊರಳ ಹತ್ತಿರ ಬಟ್ಟೆ ಸುಕ್ಕುಗಟ್ಟಿತು. ನಾಚಿಕೆಯಿಂದ, ಬಿಚ್ಚಿ ಕೊಡಿ, ಸರಿ ಮಾಡುತ್ತೇನೆ ಎಂದೆ. ನೀವು ಕನ್ನಡಿ ನೋಡಿ, "ಬೇಡಮ್ಮಾ, ಅಂಗಿ ಸರಿಯಾಗೇ ಇದೆ. ನಾನೇ ಸರಿ ಇಲ್ಲ" ಎಂದು ಭುಜ ಇಳಿಸಿದಿರಿ. ಸುಕ್ಕು ಹೋಯಿತು. ಒಳಗಿಂದ ಬಂದ ಅಮ್ಮ ನಿಮ್ಮ ಬೆನ್ನು ನೋಡಿ, ಅಣ್ಣನನ್ನು ಕರೆಯುತ್ತಿದ್ದ ಹಾಗೆಯೇ, "ಊಟ ಮಾಡಿದ್ಯೇನೋ ಗುಂಡಾ?" ಎಂದಳು. ನೀವು ತಿರುಗದೆ, "ಇಲ್ಲಮ್ಮಾ, ಬಡಿಸು" ಎಂದಿರಿ. ಸಿನಿಮಾದಲ್ಲಿ ನೀವು ಆಡಿದ ಯಾವ ಮಾತೂ ನನ್ನನ್ನು ಅಷ್ಟು ಅಳಿಸಲಿಲ್ಲ.

ಸಿನಿಮಾ ಚೆನ್ನಾಗಿಯೇ ಇದೆ. ಫೋನಿನಲ್ಲಿ ಒಂದು ಫೋಟೋ ತೆಗೆದರೆ ಮೈಯ ಅಳತೆಯೆಲ್ಲ ಬರುವ ಹಾಗೆ ಅಣ್ಣ ಮಾಡಿದ್ದನ್ನು ಎಲ್ಲರಿಗೂ ತಿಳಿಯುವಂತೆ ತೋರಿಸಿದ್ದಾರೆ. ಒಂದು ತಮಾಷೆ ಮಾತ್ರ ಬಿಟ್ಟುಹೋಗಿದೆ. ಅವನು ಮೊದಲು ತನ್ನದೇ ಫೋಟೋ ತೆಗೆದ. ಎರಡು ಭುಜವೂ ಸಮ ಎಂದು ಬಂತು. ನಿನ್ನ ಫೋನಿಗೆ ಕಣ್ಣು ಮಂಜು ಎಂದು ಆಡಿಕೊಂಡೆ. "ಸುಮ್ನಿರೇ, ಯಜಮಾನನ ಐಬು ಎತ್ತಿ ಆಡಬಾರದು ಅಂತ ಅದಕ್ಕೆ ಗೊತ್ತು" ಎಂದ. ಆಮೇಲೆ ಎಲ್ಲರ ಅಳತೆಗೂ ಅದನ್ನು ಸರಿಪಡಿಸಿದ, ತನ್ನದನ್ನು ನನಗೇ ಬಿಟ್ಟ.

ಸಿನಿಮಾ ಮುಗಿಯುವುದು ವೇದಿಕೆಯ ಮೇಲೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಅದೂ ಸುಳ್ಳಲ್ಲ, ತಟ್ಟಿದ್ದರು. ಆದರೆ ಆಮೇಲೆ ಬಂಡವಾಳ ಹಾಕಿದವರು ಅವನನ್ನು ಅವನ ಆಫೀಸಿನಿಂದಲೇ ಹೊರಗೆ ಹಾಕಿದರು. ಮನೆಗೆ ಬಂದು ಕಟಿಂಗ್ ಮೇಜಿನ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ನನ್ನ ಮಷೀನಿನ ಸದ್ದಿದ್ದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದ. ಒಂದು ದಿನ ಬೆಳಿಗ್ಗೆ ಏಳಲಿಲ್ಲ. ಡಾಕ್ಟರು, ಎದೆಬಡಿತ ನಿಂತುಹೋಗಿದೆ ಎಂದರು. ಟಿಕೆಟ್ ಕೊಂಡು ಬಂದವರಿಗೆ ಇದೆಲ್ಲ ಬೇಡವೇನೋ. ಆದರೆ ಥಿಯೇಟರಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಅಮ್ಮ ಕೇಳಿದಳು: "ಗೆದ್ದನಲ್ಲೇ ಗುಂಡ. ಮತ್ಯಾಕೆ ಮನೆಗೆ ಬರ್ಲಿಲ್ಲ?"

ಆಗಿನಿಂದ ನೀವು ಭಾನುವಾರ ಬರತೊಡಗಿದಿರಿ. ಅಮ್ಮ "ಬಂದ್ಯೇನೋ ಗುಂಡಾ" ಎಂದರೆ ಭುಜ ಇಳಿಸಿ "ಹ್ಞೂನಮ್ಮಾ" ಎನ್ನುವಿರಿ. ಅವಳು ಕೂದಲು ಬೆಳೆದಿದೆ ಎಂದು ಬೈಯುವಳು, ನೀವು ಬೈಸಿಕೊಳ್ಳುವಿರಿ. ನಾನು ಬಾಗಿಲ ಬಳಿ ಕೂತು ಗುಂಡಿ ಹಾಕುತ್ತಾ ಕೇಳಿಸಿಕೊಳ್ಳುವೆ. ಅದು ನಿಮ್ಮ ದೊಡ್ಡ ಗುಣ. ಆದರೆ ಈಗ ನಿಮ್ಮ ಅನ್ನಕ್ಕೇ ಕಲ್ಲು ಬೀಳುತ್ತಿದೆ. ಸತ್ತವನ ಭುಜವನ್ನು ಬದುಕಿರುವವರು ಎಷ್ಟು ದಿನ ಹೊರುವುದು?

ಅಂಗಿ ಹೊಲಿದಿದ್ದೇನೆ. ಮೂರು ಸಲ ಕತ್ತರಿ ಎಡಕ್ಕೆ ಜಾರಿತು, ಮೂರು ಸಲ ಬಟ್ಟೆ ಹಾಳಾಯಿತು. ಇದು ನಾಲ್ಕನೆಯದು, ನೇರವಾಗಿದೆ. ಒಂದೇ ಒಂದು ಬೇಡಿಕೆ. ಇದನ್ನು ಹಾಕಿಕೊಂಡು ಒಮ್ಮೆ ಬನ್ನಿ. ನೀವು ನೀವಾಗಿಯೇ ಅಮ್ಮನ ಎದುರು ಕೂತು ನಿಮ್ಮ ಹೆಸರು ಹೇಳಿ. ಅವಳು ಅತ್ತರೆ ಅಳಲಿ. ಎರಡನೆಯ ಸಲ ಅವನನ್ನು ಕಳಿಸಿಕೊಡುವುದು ನನ್ನೊಬ್ಬಳಿಂದ ಆಗುವುದಿಲ್ಲ. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆದೆ.

ಇಂತಿ,
ನಿಮ್ಮ ಅಂಗಿ ಕೆಡಿಸಿದ ದರ್ಜಿ

ಮರೆತ ಮಾತು: ಕಾಗದ ಮಡಿಸುವಾಗ ಅಮ್ಮ ಬಂದಳು. ಇಸ್ತ್ರಿ ಮಾಡಿಟ್ಟ ಅಂಗಿಯ ಎರಡು ಭುಜವನ್ನೂ ಬೆರಳಿನಲ್ಲಿ ಸವರಿ, "ಆ ಹುಡುಗಂದಾ?" ಎಂದಳು. ನಾನು ಕಾಗದವನ್ನು ಸೆರಗಿನಡಿ ಸರಿಸಿದೆ. "ಹೆತ್ತವಳಿಗೆ ಗೊತ್ತಾಗಲ್ವೇನೇ? ನಾನು ಗುಂಡ ಅಂದಾಗೆಲ್ಲ ನಿನ್ನ ಮುಖ ಅರಳ್ತಿತ್ತು. ಅವನು ಹೋದ್ಮೇಲೆ ನೀನು ನಕ್ಕಿದ್ದು ಆ ಭಾನುವಾರಗಳಲ್ಲೇ. ಅದಕ್ಕೇ ಕರೀತಿದ್ದೆ" ಎಂದಳು. ಆಮೇಲೆ ನಿಮ್ಮ ಹೆಸರು ಕೇಳಿದಳು. ಹೇಳಿದೆ. ಹಳೆಯ ಅಂಗಿಯಲ್ಲೇ ಇನ್ನೊಂದು ಸಲ ಬನ್ನಿ ಎಂದು ಬರೆಯಬೇಕೆನಿಸುತ್ತಿದೆ. ಬರೆಯುವುದಿಲ್ಲ. ನೇರ ಭುಜದ್ದನ್ನೇ ಹಾಕಿಕೊಂಡು ಬನ್ನಿ.